ಎಳ್ಳಮಾಸಿ ನಸುಕಿನ ಫೋಟೋ

ಡಿಸೆಂಬರ್ 29, ಭಾನುವಾರ

ಇವತ್ತು ಎರಡು ಜಗಳ. ಎರಡರಲ್ಲೂ ನಾನೇ ಸರಿ.

ಮೊದಲನೆಯದು ಸ್ಟುಡಿಯೋದಲ್ಲಿ. ಶಿರಹಟ್ಟಿಯ ಮದುಮಗಳ ಆಲ್ಬಮ್ ಮುಗಿಸಬೇಕಿತ್ತು. ಮಾಲೀಕರಾದ ಫಕ್ರುಸಾಬ ಚಾಚಾ ನನ್ನ ಕುರ್ಚಿಯ ಹಿಂದೆ ಬಂದು ನಿಂತು, "ಮಾರಿ ಒಂದೀಟು ಬೆಳ್ಳಗ ಮಾಡು ಬೇಟಿ, ಹುಡುಗಿ ಮನಿಯವ್ರು ಹೇಳ್ಯಾರ" ಎಂದರು.

"ಹುಡುಗಿ ಹೇಳ್ಯಾಳೇನ್ರಿ ಚಾಚಾ?"

"ಅಕಿ ಯಾಕ ಹೇಳ್ತಾಳ? ಮದುವಿ ಅಷ್ಟ ಅಕೀದು. ಆಲ್ಬಮ್ ಅತ್ತೀದು."

ಮೌನೇಶ ನಕ್ಕ. ನಾನು ನಗಲಿಲ್ಲ. ಯಾರ ಮುಖವನ್ನೂ ಬೆಳ್ಳಗೆ ಮಾಡುವುದಿಲ್ಲ ಎಂದು ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದೇನೆ. ಇದ್ದ ಬಣ್ಣವನ್ನು ತಿದ್ದುವುದು ಸುಳ್ಳು. ಸುಳ್ಳಿನಲ್ಲಿ ಸಣ್ಣದು ದೊಡ್ಡದು ಎಂಬುದಿಲ್ಲ. ಕೊನೆಗೆ ಮೌನೇಶನೇ ಕೂತು ಮಾಡಿದ. ಅವನು ಫೋಟೋ ತೆಗೆಯುವವನು, ತತ್ವದ ಗೊಡವೆ ಅವನಿಗಿಲ್ಲ.

ಎರಡನೆಯದು ಮನೆಯಲ್ಲಿ. ನಾಳೆ ಎಳ್ಳ ಅಮಾವಾಸ್ಯೆ. ಅವ್ವ ಸಜ್ಜೆ ರೊಟ್ಟಿ ತಟ್ಟಿ ಬುಟ್ಟಿ ತುಂಬಿಸಿದ್ದಾಳೆ, ಕಡುಬು ಬೇಯುತ್ತಿವೆ. ಮಧ್ಯಾಹ್ನ ಎಲ್ಲರೂ ಕುರ್ತಕೋಟಿಯ ಮಾವನ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಉಣ್ಣುವ ಅಡಿಗೆಯನ್ನು ಜೋರಾಗಿ ಕೂಗು ಹಾಕುತ್ತ ನಿಂತ ಬೆಳೆಯ ಮೇಲೆ ಎರಚಿ, ಭೂಮಿತಾಯಿ ಉಂಡಳು ಎನ್ನುತ್ತಾರೆ. ನಾನು ಬರುವುದಿಲ್ಲ ಎಂದೆ.

"ಭೂಮಿಗೆ ಬಾಯಿ ಎಲ್ಲೈತಿ ಅವ್ವಾ?"

"ಅದರ ಬಾಯಿನೂ ನಿನಗ ಬಂದೈತಿ. ಅದಕ್ಕ ಇಷ್ಟು ಮಾತಾಡ್ತಿ."

ಅಪ್ಪ ಗದಗಿನ ಪ್ರೆಸ್ಸಿನಲ್ಲಿ ಬೈಂಡರ್. ಅವನು ತರುತ್ತಿದ್ದ ಕೆಟ್ಟ ಹಾಳೆಗಳಲ್ಲಿ, ಕರಪತ್ರಗಳಲ್ಲಿ ನಾನು ಓದು ಕಲಿತೆ. ದಪ್ಪ ಪುಸ್ತಕ ಸುತ್ತಿ ಬಳಸಿ ಮಾತಾಡುತ್ತದೆ. ಕರಪತ್ರಕ್ಕೆ ಅಷ್ಟು ಜಾಗವಿಲ್ಲ. ಶಾಯಿ ಬಿದ್ದಲ್ಲಿ ಕಪ್ಪು, ಬೀಳದಲ್ಲಿ ಬಿಳಿ. ಬದುಕೂ ಹಾಗೆಯೇ ಇರಬೇಕು.

ನಾಳೆ ನಸುಕಿನಲ್ಲಿ ಕೆರೆ ಬಳಗದ ಲೋಹಿತನ ಜೊತೆ ಮಾಗಡಿ ಕೆರೆಗೆ. ಹಕ್ಕಿ ಉಳಿಸುವ ಕರಪತ್ರಕ್ಕೆ, ಚಳಿಗಾಲಕ್ಕೆ ವಲಸೆ ಬರುವ ಹೆಬ್ಬಾತುಗಳ ಫೋಟೋ ಬೇಕು. ಚಾಚಾ ಬೈದುಕೊಂಡೇ ಸ್ಟುಡಿಯೋ ಕ್ಯಾಮೆರಾ ಕೊಟ್ಟರು.

ಡಿಸೆಂಬರ್ 30, ಸೋಮವಾರ

ಚಂದ್ರನಿಲ್ಲದ ಕತ್ತಲು, ಕೈ ಕೊರೆಯುವ ಚಳಿ. ಕೆರೆಯ ಮೇಲೆ ಮೊದಲು ಸದ್ದು ಬಂತು, ಆಮೇಲೆ ಹಕ್ಕಿಗಳು ಕಂಡವು. ರಾತ್ರಿಯೆಲ್ಲ ಹೊಲಗಳಲ್ಲಿ ಮೇಯ್ದ ಹೆಬ್ಬಾತುಗಳು ಸಾಲುಸಾಲಾಗಿ ನೀರಿಗೆ ಇಳಿದವು. ಕಪ್ಪಿಗೂ ಕೇಸರಿಗೂ ನಡುವೆ ಆಕಾಶ ಎಷ್ಟು ಬಣ್ಣ ದಾಟಿತು ಎಂದು ಹೇಳಲಾರೆ. ಸಿಕ್ಕಿದ್ದನ್ನೆಲ್ಲ ತೆಗೆದೆ.

ಮನೆಗೆ ಬಂದಾಗ ಬೀಗ. ಎಲ್ಲರೂ ಕುರ್ತಕೋಟಿಗೆ ಹೋಗಿದ್ದಾರೆ. ಅವ್ವ ಒಲೆಯ ಪಕ್ಕ ಕಡುಬು ಮುಚ್ಚಿಟ್ಟಿದ್ದಳು. ತಿನ್ನಲಿಲ್ಲ.

ಜನವರಿ 2, ಗುರುವಾರ

ಕೆರೆಯ ಪೂರ್ವ ದಂಡೆಯಲ್ಲಿ ಹೆಬ್ಬಾತುಗಳು ಸತ್ತು ಬಿದ್ದಿವೆ. ಲೋಹಿತ ಫೋನು ಮಾಡಿ ಅಳುವ ದನಿಯಲ್ಲಿ, "ಯಾರೋ ವಿಷ ಹಾಕ್ಯಾರ ವಿದ್ಯಾಶ್ರೀ. ನಿನ್ನ ಫೋಟೋದಾಗ ಏನರ ಸಿಗ್ತೈತೇನು ನೋಡು" ಎಂದ.

ಒಂದೊಂದೇ ನೋಡಿದೆ. ಒಂದರ ಮೂಲೆಯಲ್ಲಿ, ದಂಡೆಗೆ ಹೊಂದಿದ ಹೊಲದಲ್ಲಿ ಕಪ್ಪಿನೊಳಗೊಂದು ಕಪ್ಪು. ತೆಗೆಯುವಾಗ ನನಗೆ ಕಂಡೇ ಇರಲಿಲ್ಲ. ಕಂಪ್ಯೂಟರಿನಲ್ಲಿ ನೆರಳಿನ ಭಾಗವನ್ನು ಎತ್ತಿದೆ, ಅಂದರೆ ಅಲ್ಲಿ ಬೆಳಕು ಹೆಚ್ಚಿಸಿದೆ, ಮತ್ತೆ ಎತ್ತಿದೆ. ಮನುಷ್ಯ ಮೂಡಿದ. ಒಬ್ಬನೇ. ಬಲಗೈ ಬೀಸಿ ಏನನ್ನೋ ಎರಚುತ್ತಿದ್ದಾನೆ. ಎಡಗೈಯಲ್ಲಿ ಹಸಿರು ಚೀಲ, ಅದರ ಮೇಲೆ ಕೆಂಪು ಗುರುತು. ಕೀಟನಾಶಕದ ಪಾಕೀಟಿನ ಮೇಲೆ ಇರುತ್ತದಲ್ಲ, ಅದೇ.

ಅಡಿಯಲ್ಲಿ ಕೆಂಪಕ್ಷರದಲ್ಲಿ ಬರೆದೆ: *ಅತಿಥಿಗಳಿಗೆ ವಿಷ ಇಟ್ಟ ಕೈ ಇದು.* ಬಳಗದ ವಾಟ್ಸಾಪ್ ಗುಂಪಿಗೆ ಕಳಿಸಿದೆ.

ಜನವರಿ 3, ಶುಕ್ರವಾರ

ಲಕ್ಷ್ಮೇಶ್ವರ, ಮುಂಡರಗಿ, ಬೆಳ್ಳಟ್ಟಿ, ಎಲ್ಲ ಊರಿನ ಗುಂಪುಗಳಿಗೂ ಹೋಗಿದೆ. ಚಹಾದಂಗಡಿಯಲ್ಲಿ ಗುರುತಿಲ್ಲದವನೊಬ್ಬ ನನಗೇ ತೋರಿಸಿ, "ನೋಡ್ರಿ ಅಕ್ಕಾರ, ಎಂಥಾ ಮಂದಿ ಇರ್ತಾರ" ಎಂದ. ಒಂದು ಚಿತ್ರ ಊರುಗಳನ್ನು ಎಬ್ಬಿಸಬಲ್ಲದು. ನಾನು ಇಷ್ಟು ದಿನ ಓದಿದ್ದು ಸುಳ್ಳಲ್ಲ.

ಜನವರಿ 4, ಶನಿವಾರ

ಅರಣ್ಯ ಇಲಾಖೆಯ ಸಾಹೇಬರ ಫೋನು. ಮಾತು ಮೆತ್ತಗೆ, ಆದರೆ ಅವಸರ.

"ಫೋಟೋ ತೆಗದವ್ರು ನೀವೇನ್ರಿ? ಅವ ಮಾಗಡಿ ಹೊಳೆಯಪ್ಪ ಅಂತ. ಊರವ್ರು ಗುರುತು ಹಿಡದಾರ. ಕೇಸ್ ಮಾಡಬೇಕಂದ್ರ ಮೂಲ ಫೈಲ್ ಬೇಕು. ಫಾರ್ವರ್ಡ್ ಆದದ್ದು ನಡೆಯೂದಿಲ್ಲ. ಶುಕ್ರವಾರದೊಳಗ ತಂದು ಕೊಡ್ರಿ."

"ಅವನು ಏನಂತಾನ್ರಿ?"

"ಚರಗ ಚೆಲ್ಲಾಕತ್ತಿದ್ದೆ ಅಂತಾನ. ಹೇಣ್ತಿ ಹನಮಂತವ್ವ, ನಾನೂ ಬಾಜೂಕ ಇದ್ದೆ ಅಂತಾಳ. ಫೋಟೋದಾಗ ಅಕಿ ಎಲ್ಲಿದಾಳ್ರಿ? ಗಂಡನ್ನ ಉಳಿಸಾಕ ಹೇಳ್ತಾಳ, ಮತ್ತೇನು."

ಹೌದು ಎಂದೆ. ಚರಗ ನನಗೆ ಗೊತ್ತಿಲ್ಲವೇ? ಮಧ್ಯಾಹ್ನದ ಬಿಸಿಲು, ಬಂಡಿ, ಹೊಸ ಸೀರೆ, ಗದ್ದಲ. ಕತ್ತಲಲ್ಲಿ ಒಬ್ಬನೇ ಕಳ್ಳನಂತೆ ಬಂದು ಯಾರೂ ಚೆಲ್ಲುವುದಿಲ್ಲ.

ಊರಲ್ಲಿ ಅವನನ್ನು ಯಾರೂ ಮಾತಾಡಿಸುತ್ತಿಲ್ಲವಂತೆ. ಅವನು ಆಳಾಗಿ ದುಡಿಯುತ್ತಿದ್ದ ಮನೆಯ ಗೌಡರು, ನಮ್ಮ ಬಂಡಿ ಮುಟ್ಟಬೇಡ ಎಂದಿದ್ದಾರಂತೆ. ಲೋಹಿತ ಇದನ್ನು ಖುಷಿಯಿಂದ ಹೇಳಿದ. ನಾನೂ ಸರಿ ಎಂದೆ.

ಜನವರಿ 5, ಭಾನುವಾರ

ಅವ್ವ ಅಕ್ಕಿ ಆರಿಸುತ್ತಿದ್ದಳು. ಸುಮ್ಮನೆ ಕೇಳಿದೆ.

"ನಸುಕಿನ್ಯಾಗ ಯಾರರ ಚರಗ ಚೆಲ್ತಾರೇನು?"

"ಆಳಮಕ್ಕಳು ಚೆಲ್ತಾರ. ಹೊತ್ತೇರಿದ ಮ್ಯಾಲೆ ಅವರ ಕೈ ಅವರದೆಲ್ಲಿ ಇರ್ತೈತಿ? ಗೌಡರ ಬಂಡಿ ಹೂಡಬೇಕು, ಗೌಡರ ಹೊಲಕ್ಕ ನೀರು ಹೊರಬೇಕು. ತಮ್ಮ ಒಂದ ಎಕರೆಕ್ಕ ಕತ್ತಲದಾಗ ಹೋಗಿ ಚೆಲ್ಲಿ ಬರ್ತಾರ."

"ಒಬ್ಬರ?"

"ಒಬ್ಬರ ಹೆಂಗ ಚೆಲ್ತಾರ ಹುಚ್ಚಿ? ಮುಂದೊಬ್ಬರು ಚೆಲ್ಲಬೇಕು, ಹಿಂದೊಬ್ಬರು ನೀರು ಚಿಮುಕಿಸಬೇಕು. ನೀ ಒಂದ ವರ್ಷನೂ ಕಣ್ಣು ತೆರೆದು ನೋಡಿಲ್ಲ ಬಿಡು."

ಇಬ್ಬರು ಬೇಕು. ಫೋಟೋದಲ್ಲಿ ಒಬ್ಬನೇ ಇದ್ದಾನೆ. ಅಲ್ಲಿಗೆ ಮುಗಿಯಿತು.

ಆದರೂ ನಾಳೆ ಆ ಫೋಟೋ ಮತ್ತೊಮ್ಮೆ ನೋಡಬೇಕು.

ಜನವರಿ 6, ಸೋಮವಾರ

ಸ್ಟುಡಿಯೋದಲ್ಲಿ ಬೇರೊಂದು ಮದುವೆಯ ಆಲ್ಬಮ್ ಬದಿಗಿಟ್ಟು ಆ ಫೋಟೋ ತೆರೆದೆ. ಸಾಹೇಬರಿಗೆ ಕೊಡುವ ಮೊದಲು ಪಾಕೀಟಿನ ಹೆಸರು ಓದಿದರೆ ಒಳ್ಳೆಯದಲ್ಲವೇ ಎಂದು ಆ ಹಸಿರು ಚೀಲವನ್ನು ದೊಡ್ಡದು ಮಾಡಿದೆ. ದೊಡ್ಡದು ಮಾಡಿದಷ್ಟೂ ಅದು ಚೀಲವಾಗಿ ಉಳಿಯಲಿಲ್ಲ. ಹಸಿರು ಚೌಕ, ಪಕ್ಕದಲ್ಲಿ ಕೆಂಪು ಚೌಕ, ಮತ್ತೆ ಹಸಿರು. ಅಂಥವೇ ಚೌಕಗಳು ಅವನ ಹೊಟ್ಟೆಯ ಮೇಲೂ ಇದ್ದವು, ಜೋಳದ ದಂಟಿನ ಮೇಲೂ ಇದ್ದವು. ಆಕಾಶ ನೋಡಿದೆ. ನುಣ್ಣಗೆ ಬಣ್ಣ ದಾಟಿದ್ದ ಆ ಆಕಾಶ ಪಟ್ಟೆಪಟ್ಟೆಯಾಗಿ, ಬಾವಿಯ ಮೆಟ್ಟಿಲಿನಂತೆ ನಿಂತಿತ್ತು.

ಚಾಚಾ ಹಿಂದಿನಿಂದ ನೋಡಿ, "ಏನಿದು, ಹೊಳ್ಳಿ ತೊಳೆದ ಅಗ್ಗದ ಸೀರಿ ಆಗೇತಿ" ಎಂದರು.

"ನೆರಳು ಎತ್ತೀನಿ ಚಾಚಾ."

"ಜೆಪೆಗ್ ಮ್ಯಾಲೇನು? ಅದರಾಗ ಏನೈತಿ ಎತ್ತಾಕ?"

ಅವರಿಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಕೇಳಿದರೆ, "ಮೌನೇಶ ಅಂತಾನ, ಎತ್ತಬಾರದು ಅಂತ. ನಾ ಎತ್ತೂದಿಲ್ಲ" ಎಂದು ಬೀಡಿ ಹುಡುಕುತ್ತ ಹೊರಗೆ ಹೋದರು.

ಜನವರಿ 7, ಮಂಗಳವಾರ

ಬೆಳಗಿನಿಂದ ಓದಿದೆ. ಯಾವ ಕರಪತ್ರದಲ್ಲೂ ಇದು ಇರಲಿಲ್ಲ. ನನಗೆ ಅರ್ಥವಾದಷ್ಟು ಬರೆದಿಡುತ್ತೇನೆ.

ಜೆಪೆಗ್, ಅಂದರೆ ಕ್ಯಾಮೆರಾ ಕುಗ್ಗಿಸಿ ಕೊಡುವ ಮಾಮೂಲಿ ಫೋಟೋ ಫೈಲು, ಎಂಟು ಬಿಟ್ಟಿನದು. ಹಾಗೆಂದರೆ ಒಂದೊಂದು ಬಣ್ಣಕ್ಕೂ ಕಗ್ಗತ್ತಲಿನಿಂದ ಪೂರ್ಣ ಬೆಳಕಿಗೆ 256 ಮೆಟ್ಟಿಲು, ಅಷ್ಟೇ. ಕ್ಯಾಮೆರಾ ಒಳಗೆ ಕಂಡದ್ದು ಹದಿನಾಲ್ಕು ಬಿಟ್ಟಿನಲ್ಲಿ, ಅದರಲ್ಲಿ ಹದಿನಾರು ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಜೆಪೆಗ್ ಮಾಡುವಾಗ ಅದು ಹತ್ತಿರ ಹತ್ತಿರದ ಮೆಟ್ಟಿಲುಗಳನ್ನೆಲ್ಲ ಒಂದಕ್ಕೇ ಕೂಡಿಸಿ, ತೀರ ಕೆಳಗಿನದನ್ನು 'ಏನೂ ಇಲ್ಲ' ಎಂದು ಸೊನ್ನೆ ಮಾಡಿಬಿಡುತ್ತದೆ. ನೋಡುವುದಕ್ಕೆ ಅಷ್ಟು ಸಾಕು. ಆದರೆ ತಿದ್ದಲು ಹೊರಟರೆ ಸಾಲದು. ಹೊಳೆಯಪ್ಪನ ಇಡೀ ಮೈ ಕೆಳಗಿನ ನಾಲ್ಕಾರು ಮೆಟ್ಟಿಲಿನಲ್ಲಿ ಇತ್ತು. ನಾನು ಎತ್ತಿದಾಗ ಆ ನಾಲ್ಕಾರು ಮೆಟ್ಟಿಲು ದೂರ ದೂರ ಸರಿದವು. ನಡುವೆ ಏನಿತ್ತೆಂದು ಫೈಲಿಗೆ ಗೊತ್ತಿಲ್ಲ. ಬಣ್ಣಗಳ ಪ್ರಮಾಣ ತೋರಿಸುವ ಗ್ರಾಫು ಹಲ್ಲುದುರಿದ ಹಣಿಗೆಯ ಹಾಗೆ ಕಂಡಿತು. ಆ ಉದುರಿದ ಹಲ್ಲುಗಳ ಜಾಗದಲ್ಲಿ ನಾನು ಚೀಲ ನೋಡಿದೆ, ಕೆಂಪು ಗುರುತು ನೋಡಿದೆ.

ಅದೇ ಫೈಲನ್ನು ಹದಿನಾರು ಬಿಟ್ಟಿಗೆ ಬದಲಿಸಿ ನೋಡಿದೆ. ಒಂದು ಕ್ಷಣ ಆಸೆಯಾಯಿತು. ಏನೂ ಬರಲಿಲ್ಲ. ಹಿಡಿ ಉಪ್ಪನ್ನು ದೊಡ್ಡ ಡಬ್ಬಿಗೆ ಸುರಿದರೆ ಡಬ್ಬಿ ದೊಡ್ಡದಾಗುತ್ತದೆ, ಉಪ್ಪು ಅಷ್ಟೇ ಇರುತ್ತದೆ.

ಹಾಗೆಂದು ಅವನು ಚರಗವೇ ಚೆಲ್ಲುತ್ತಿದ್ದ ಎಂದೂ ಆಗುವುದಿಲ್ಲ. ಏನು ಚೆಲ್ಲುತ್ತಿದ್ದ ಎಂಬುದು ನನಗೆ ಗೊತ್ತಿಲ್ಲ. ಈ ವಾಕ್ಯ ಬರೆಯುವುದಕ್ಕೆ ಇಷ್ಟು ಹೊತ್ತು ಹಿಡಿಯಿತು.

ಸ್ಟುಡಿಯೋ ಕ್ಯಾಮೆರಾ ಎರಡು ಕಾರ್ಡುಗಳಿಗೆ ಬರೆಯುತ್ತದೆ. ಒಂದರಲ್ಲಿ ಜೆಪೆಗ್, ಇನ್ನೊಂದರಲ್ಲಿ ರಾ, ಅಂದರೆ ಕ್ಯಾಮೆರಾ ಕಂಡದ್ದನ್ನೆಲ್ಲ ಹಾಗೆಯೇ ಇಟ್ಟ ಫೈಲು. ನಾನು ಜೆಪೆಗ್ ಕಾರ್ಡನ್ನಷ್ಟೇ ತೆಗೆದುಕೊಂಡಿದ್ದೆ. ರಾ ಕಾರ್ಡ್ ಎಲ್ಲಿ?

ಚಾಚಾ: "ಮೌನೇಶ ಖಾಲಿ ಮಾಡ್ಯಾನ. ನಮ್ಮಲ್ಲಿ ಪದ್ಧತಿ ಐತಲ್ಲ, ಕೆಲಸ ಮುಗೀತಂದ್ರ ರಾ ಅಳಿಸೂದು. ನಾಳೆ ಮುಂಡರಗಿ ಶಾಲಿ ಗ್ಯಾದರಿಂಗಿಗೆ ಒಯ್ತಾನ."

ಖಾಲಿ ಮಾಡಿದ ಕಾರ್ಡಿನಲ್ಲಿ ಹಳೆಯ ಚಿತ್ರ ಕೂಡಲೇ ಹೋಗುವುದಿಲ್ಲ, ಹೊಸದು ಅದರ ಮೇಲೆ ಬೀಳುವವರೆಗೆ ಇರುತ್ತದೆ. ಮೌನೇಶನಿಗೆ ಫೋನು ಹಚ್ಚಿದೆ. ಎತ್ತುತ್ತಿಲ್ಲ. ಮತ್ತೆ ಹಚ್ಚಿದೆ. ಮತ್ತೆ.

ಜನವರಿ 8, ಬುಧವಾರ

ಮೊದಲ ಬಸ್ಸಿಗೆ ಮುಂಡರಗಿ. ದಾರಿಯಲ್ಲಿ ಎರಡು ಬೇರೆ ಬೇರೆ ಪ್ರಾರ್ಥನೆಯಂಥವು ಮನಸ್ಸಿನಲ್ಲಿ ಬಂದವು. ಕಾರ್ಡ್ ಸಿಗಲಿ ಎಂದೊಂದು. ಸಿಗದಿರಲಿ ಎಂದೊಂದು. ಸಿಗದಿದ್ದರೆ ನಾನು ತಪ್ಪಿದೆನೆಂದು ಯಾರೂ ತೋರಿಸಲಾರರು. ಈ ಎರಡನೆಯದನ್ನು ಇಲ್ಲಿ ಬರೆಯದೆ ಬಿಡಬಹುದಿತ್ತು.

ಶಾಲೆಯ ಅಂಗಳದಲ್ಲಿ ವಾರ್ಷಿಕೋತ್ಸವದ ಶಾಮಿಯಾನ, ಕಿವಿ ಹರಿಯುವ ಹಾಡು, ಮೀಸೆ ಬರೆಸಿಕೊಂಡ ಮಕ್ಕಳು. ಮೌನೇಶ ವೇದಿಕೆಯ ಮುಂದೆ ಮೊಣಕಾಲೂರಿ ಫೋಟೋ ತೆಗೆಯುತ್ತಿದ್ದ. ಓಡಿಹೋಗಿ ಅವನ ಕ್ಯಾಮೆರಾದ ಮೇಲೆ ಕೈ ಅಡ್ಡ ಹಿಡಿದೆ. ಮುಂದಿನ ಸಾಲಿನಲ್ಲಿ ಕೂತಿದ್ದ ತಾಯಂದಿರೆಲ್ಲ ಕೂಗಿದರು.

"ಯಾಕ್ಲೇ, ಹುಚ್ಚು ಹಿಡದೈತೇನು?"

"ಯಾವ ಕಾರ್ಡ್ ಹಾಕೀದಿ? ಮಾಗಡಿ ಕಾರ್ಡ್ ಇದೇನು?"

"ಯಾವ ಮಾಗಡಿ?"

"ನೀ ಅಳಿಸಿದ್ದು."

ಅವನು ನನ್ನ ಮುಖ ನೋಡಿ ತಮಾಷೆ ಬಿಟ್ಟ. ಅಂಗಿಯ ಜೇಬಿಗೆ ಕೈ ಹಾಕಿ ಕಾರ್ಡ್ ತೆಗೆದ. "ಇದು ಎರಡನೇದು. ಈ ಕುಣತ ಮುಗದ ಮ್ಯಾಲೆ ಹಾಕಾಂವಿದ್ದೆ. ಐದನೇ ಕ್ಲಾಸಿನ ಮಕ್ಕಳ ಡ್ಯಾನ್ಸ್ ಎದರಾಗ ತೆಗೀಲಿ ಈಗ?"

"ಜೆಪೆಗ್ ಒಂದ ತೆಗಿ."

"ರಾ ಅಳಿಸಿದ್ದಕ್ಕ ನನ್ನ ಮ್ಯಾಲೆ ಓಡಿ ಬಂದಿ, ಈಗ ನೀನ ಜೆಪೆಗ್ ಸಾಕು ಅಂತಿ."

ಕಾರ್ಡನ್ನು ಕರವಸ್ತ್ರದಲ್ಲಿ ಸುತ್ತಿ, ಬಸ್ಸಿನಲ್ಲಿ ಮುಷ್ಟಿ ಬಿಡದೆ ಹಿಡಿದು ತಂದೆ.

ಜನವರಿ 9, ಗುರುವಾರ

ಅಳಿಸಿದ್ದನ್ನು ಮರಳಿ ತರುವ ಸಾಫ್ಟ್‌ವೇರ್ ಬೆಳಗಿನಿಂದ ಓಡಿತು. ಮಧ್ಯಾಹ್ನ ಆ ಫೋಟೋ ಬಂತು. ಅದರ ಹದಿನಾಲ್ಕು ಬಿಟ್ಟೂ ಹಿಡಿಯುವ ಹದಿನಾರು ಬಿಟ್ಟಿನಲ್ಲಿ ತೆರೆದೆ. ಮೊದಲ ನೋಟಕ್ಕೆ ಅಷ್ಟೇ ಕಪ್ಪು.

ನೆರಳನ್ನು ಎತ್ತಿದೆ. ಈ ಸಲ ನಿಧಾನ. ಆಕಾಶ ಒಡೆಯಲಿಲ್ಲ. ಚೌಕಗಳಿಲ್ಲ. ಹಸಿರಿಲ್ಲ, ಕೆಂಪಿಲ್ಲ. ಕಂಬಳಿ ಹೊದ್ದ ಮನುಷ್ಯ. ಎಡಗೈಯಲ್ಲಿ ಬಿದಿರಿನ ಬುಟ್ಟಿ, ಅಂಚಿಗೆ ಜೋತ ಬಿಳಿ ಅರಿವೆ. ಬಲಗೈಯಿಂದ ಹೋದದ್ದು ಗಾಳಿಯಲ್ಲಿದೆ, ಅನ್ನದಂತೆ ಬೆಳ್ಳಗೆ. ಬಾಯಿ ತೆರೆದಿದೆ. ಅವನು ಕೂಗುತ್ತಿದ್ದಾನೆ. ಕಳ್ಳ ಕೂಗುವುದಿಲ್ಲ.

ಮತ್ತೆ ಸ್ವಲ್ಪ ಎತ್ತಿದೆ.

ಅವನ ಹಿಂದೆ, ಜೆಪೆಗ್‌ನಲ್ಲಿ ಸೊನ್ನೆಯಾಗಿದ್ದ ಜಾಗದಲ್ಲಿ, ಹೆಂಗಸೊಬ್ಬಳು ನಿಂತಿದ್ದಾಳೆ. ತಲೆ ಮೇಲೆ ಸೆರಗು. ಕೈಯಲ್ಲಿ ತಂಬಿಗೆ. ಬಗ್ಗಿ ನೀರು ಚಿಮುಕಿಸುತ್ತಿದ್ದಾಳೆ.

ಅವಳು ಹೇಳಿದ್ದಳು. ನಾನೂ ಇದ್ದೆ ಎಂದು ಹೇಳಿದ್ದಳು.

ಜನವರಿ 10, ಶುಕ್ರವಾರ

ಸಾಹೇಬರಿಗೆ ಎರಡೂ ಫೈಲು ಕೊಟ್ಟು, ವ್ಯತ್ಯಾಸ ಹೇಗೆ ಬಂತೆಂದು ತೋರಿಸಿದೆ. ಅವರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. "ಹಕ್ಕಿ ಹೆಂಗ ಸತ್ವು ಅಂತ ಪರೀಕ್ಷೆದ ವರದಿ ಇನ್ನೂ ಬಂದಿಲ್ರಿ. ಆದ್ರ ಈ ಫೋಟೋ ಇಟಗೊಂಡು ಇವನ ಮ್ಯಾಲೆ ನಾ ಏನೂ ಬರಿಯಾಕ ಬರೂದಿಲ್ಲ" ಎಂದರು.

ಬಳಗದ ಗುಂಪಿಗೆ ಹೊಸ ಫೋಟೋ ಹಾಕಿದೆ. ಲೋಹಿತ ಕೂಡಲೇ ಫೋನು ಮಾಡಿದ.

"ತೆಗಿ ಅದನ್ನ. ನಾಳೆ ಖರೇ ವಿಷ ಹಾಕಿದವ ಸಿಕ್ಕರೂ ಯಾರು ನಂಬ್ತಾರ ನಮ್ಮನ್ನ? ಚಳವಳಿ ದೊಡ್ಡದೋ, ಒಬ್ಬ ಹೊಳೆಯಪ್ಪ ದೊಡ್ಡವನೋ?"

ಇದೇ ಪ್ರಶ್ನೆಗೆ ಹೋದ ತಿಂಗಳು ನನ್ನಲ್ಲಿ ಉತ್ತರವಿತ್ತು: ಚಳವಳಿಯೇ ದೊಡ್ಡದು. ಅದನ್ನು ಅಚ್ಚು ಹಾಕಿಸಿ ಗದಗ ಬಸ್‌ಸ್ಟ್ಯಾಂಡಿನಲ್ಲಿ ಹಂಚಿದ್ದೆ ಕೂಡ. ಇವತ್ತು, "ಗೊತ್ತಿಲ್ಲೋ ಲೋಹಿತ, ತೆಗಿಯಾಂಗಿಲ್ಲ" ಎಂದಷ್ಟೇ ಹೇಳಿದೆ.

ಹಳೆಯ ಫೋಟೋ ಇನ್ನೂ ಓಡಾಡುತ್ತಿದೆ. ಹೊಸದನ್ನು ಯಾರೂ ಮುಂದಕ್ಕೆ ಕಳಿಸುತ್ತಿಲ್ಲ.

ಜನವರಿ 12, ಭಾನುವಾರ

ಮಾಗಡಿಗೆ ಒಬ್ಬಳೇ ಹೋದೆ. ಹೊಳೆಯಪ್ಪ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ನಾನು ಯಾರೆಂದು ಹೇಳಿದೆ. ತಲೆ ಎತ್ತಲಿಲ್ಲ. ಹನಮಂತವ್ವ ಒಳಗಿನಿಂದ ಬಂದು ಬಾಗಿಲಿಗೆ ಅಡ್ಡ ನಿಂತಳು. ಕುಂಡ್ರು ಎನ್ನಲಿಲ್ಲ. ಫೋಟೋ ತೋರಿಸಿದೆ. ತಪ್ಪಾಯಿತು ಎಂದೆ.

"ತಪ್ಪು ಅನ್ನೂದು ಇಲ್ಲಿಗೆ ಬಂದು ಅಂತಿ. ಸುಳ್ಳು ಹೇಳುವಾಗ ಎಲ್ಲಾ ಊರಿಗೂ ಹೇಳಿದೆಲ್ಲವಾ?"

ಅವಳು ನನ್ನ ಕೈಯಿಂದ ಫೋನು ತೆಗೆದುಕೊಂಡಳು.

"ಅವತ್ತು ಆ ಸಾಹೇಬಗ ಹೇಳಿದೆ, ನಾನೂ ಇದ್ದೆ ಅಂತ. ಫೋಟೋದಾಗ ನೀ ಇಲ್ಲ ಅಂದ. ನನ್ನ ಹೊಲ, ನನ್ನ ತಂಬಗಿ, ನನ್ನ ಕೈ. ಫೋಟೋದಾಗ ಇಲ್ಲಂದ್ರ ನಾ ಇಲ್ಲೇನು?"

ಹೊಳೆಯಪ್ಪ ಆಗ ಮಾತಾಡಿದ. "ಬಿಡಬೇ. ಹಕ್ಕಿ ಸತ್ತಾವು ಅಂತ ಆ ಹುಡುಗಿಗೂ ಸಂಕಟ ಆಗಿರ್ತೈತಿ."

"ನಿಮಗ ಯಾರ ಸಂಕಟ ಕಂಡರೂ ನಿಮ್ಮದು ಮರೀತೈತಿ" ಎಂದು ಅವನನ್ನು ಬೈದು, ನನ್ನ ಕಡೆ ತಿರುಗಿದಳು. "ಫೋನಿನ್ಯಾಗ ಹಾಕಿದ್ದು ಯಾರೂ ನೋಡೂದಿಲ್ಲ. ದೊಡ್ಡದಾಗಿ ಕಾಗದದ ಮ್ಯಾಲೆ ತೆಗಿಸಿಕೊಂಡು ಬಾ. ಈ ಊರಾಗ ಮನಿ ಮನಿಗೆ ನೀನ ಹೋಗಿ ತೋರಿಸಬೇಕು. ಗೌಡ್ರ ಮನಿಗೆ ಮೊದಲ."

"ಆತ್ರಿ."

ಅವಳು ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ಮತ್ತೊಮ್ಮೆ ನೋಡಿದಳು. "ಮತ್ತ ನನ್ನ ಮಾರಿ ಕಾಣವಲ್ದು. ಬೆಳ್ಳಗ ಮಾಡು ಒಂದೀಟು."

ಜನವರಿ 14, ಮಂಗಳವಾರ

ಸಂಕ್ರಾಂತಿ. ಅವ್ವ ಕೊಟ್ಟ ಎಳ್ಳು ಬೆಲ್ಲ ಬಾಯಿಗೆ ಹಾಕಿಕೊಂಡು ಸ್ಟುಡಿಯೋಕ್ಕೆ ಹೋದೆ. ರಜೆ ಇದ್ದರೂ ಚಾಚಾ ಬಾಗಿಲು ತೆಗೆದುಕೊಟ್ಟರು.

ಹನಮಂತವ್ವನ ಮುಖವನ್ನಷ್ಟೇ ಆಯ್ದುಕೊಂಡು ಎತ್ತುತ್ತ ಹೋದೆ. ಕಡಿಮೆಯಾದರೆ ಅವಳು ಮತ್ತೆ ಕತ್ತಲಿಗೆ ಹೋಗುತ್ತಾಳೆ. ಹೆಚ್ಚಾದರೆ ನಸುಕು ಹಗಲಾಗುತ್ತದೆ, ಅವಳು ಯಾವಳೋ ಆಗುತ್ತಾಳೆ. ಒಂದು ಕೂದಲಷ್ಟು ಮುಂದೆ, ಒಂದು ಕೂದಲಷ್ಟು ಹಿಂದೆ. ಮೂಗುತಿಯ ಮೇಲೆ ಮೂಡಣದ ಬೆಳಕು ಬಿದ್ದಿದ್ದು ಕಂಡಿತು. ಆಮೇಲೆ ತುಟಿ. ಅವಳೂ ಕೂಗುತ್ತಿದ್ದಾಳೆ.

"ಇನ್ನೊಂದೀಟು ಬೆಳ್ಳಗ ಮಾಡು ಬೇಟಿ" ಎಂದರು ಚಾಚಾ.

"ಸಾಕು ಚಾಚಾ. ಅವತ್ತು ಇಷ್ಟು ಕತ್ತಲಿತ್ತು."

ಅಡಿಯಲ್ಲಿ ಏನು ಬರೆಯಲಿ ಎಂದು ಯೋಚಿಸಿದೆ. *ಸತ್ಯ ಇದು* ಎಂದು ಬರೆದು ಅಳಿಸಿದೆ. *ಕ್ಷಮಿಸಿ* ಎಂದು ಬರೆದು ಅಳಿಸಿದೆ. ಖಾಲಿ ಬಿಟ್ಟು ಪ್ರಿಂಟ್ ತೆಗೆದೆ.

ಜನವರಿ 16, ಗುರುವಾರ

ಗೌಡರು ಫೋಟೋ ನೋಡಿ, "ಹ್ಞೂಂ" ಎಂದು ವಾಪಸು ಕೊಟ್ಟರು. ಬಂಡಿಯ ಮಾತು ಎತ್ತಲಿಲ್ಲ. ಎರಡನೆಯ ಮನೆಯವರು ಬಾಗಿಲು ಮುಂದೆ ಮಾಡಿದರು. ಮೂರನೆಯ ಮನೆಯಲ್ಲಿ, ನೀನೇ ಅಲ್ಲವೇ ಅವತ್ತು ಹಂಗ ಬರೆದಾಕಿ ಎಂದು ಒಬ್ಬ ಮಗ್ಗುಲಿಗೆ ಉಗುಳಿದ. ಹೌದು ಎಂದೆ.

ಬಂದ ದಾರಿಯತ್ತ ತಿರುಗಿ ನೋಡಿದರೆ ಹನಮಂತವ್ವ ಓಣಿಯ ತುದಿಯಲ್ಲಿ ನಿಂತು, ನಾನು ಯಾವ ಮನೆ ಬಿಡುತ್ತೇನೋ ಎಂದು ನೋಡುತ್ತಿದ್ದಳು.

ಮುಂದಿನ ಮನೆಯ ಮುದುಕಿಗೆ ಕಣ್ಣು ಮಂಜು. ಫೋಟೋವನ್ನು ಬಿಸಿಲಿಗೆ ಹಿಡಿದು, ಮೂಗಿಗೆ ತಾಗುವಷ್ಟು ಹತ್ತಿರ ತಂದು, ಬೆರಳಿಟ್ಟು ಸರಿಸುತ್ತ ಹೋದಳು. ಬುಟ್ಟಿಯ ಮೇಲೆ ನಿಂತಳು, ಮುಂದೆ ಸರಿದಳು, ತಂಬಿಗೆಯ ಮೇಲೆ ನಿಂತಳು.

"ಇಕಿ ನಮ್ಮ ಹನಮಂತಿ ಅಲ್ಲೇನ?" ಎಂದಳು.

ಮುದುಕಿ ಕತ್ತು ಹೊರಗೆ ಹಾಕಿ ಓಣಿಯ ತುದಿಗೆ ಕೂಗಿದಳು.

"ಏ ಹನಮಂತೀ, ನೀನೂ ಅದೀಯಲ್ಲಬೇ ಇದರಾಗ."